ರಸ್ತೆಯ ದುರಸ್ತಿಗೆ ಎಷ್ಟು ಕಾಲ ಹಿಡಿಯುವದು?



ಮಳೆಗಾಲವು ತೀರಿ ಹೊಲಗಳಲ್ಲಿ ತೊಗರಿಯು ಹೂವಿಗೆ ಬರುವ ಸಮಯದಲ್ಲಿ ನಮ್ಮ ಬೀದರ ಸೀಮೆಯ ಊರೂರುಗಳಲ್ಲಿಯೂ ಒಂದು ಪ್ರಶ್ನೆಯು ಕೇಳಿಬರುವದು. ಚಿದ್ರಿಯಿಂದ ಪೇಟೆಗೆ ಕೆಲಸಕ್ಕೆ ಹೋಗುವವರೂ, ಭಾಲ್ಕಿ ಔರಾದ ತಾಲೂಕುಗಳ ಹಳ್ಳಿಗಳಿಂದ ಸಂತೆಗೂ ಆಸ್ಪತ್ರೆಗೂ ಬರುವವರೂ ರಸ್ತೆಯ ತಗ್ಗುಗಳನ್ನು ನೋಡಿ, "ಇವುಗಳನ್ನು ಎಂದಿಗೆ ಮುಚ್ಚುವರು? ಈಗಿನ ಕಾಲದಲ್ಲಿ ಬೇಕಾದಷ್ಟು ಯಂತ್ರಗಳು ಇವೆಯಲ್ಲಾ. ಆದರೂ ಇಷ್ಟು ತಡವೇಕೆ?" ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವರು. ಇದು ಇಂಜಿನಿಯರರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ಅನೇಕರು ನೆನಸುವರು. ನಮಗೆ ಹಾಗೆ ತೋರುವದಿಲ್ಲ. ಇದರೊಳಗೆ ಮನಸ್ಸಾಕ್ಷಿಗೆ ಸಂಬಂಧಪಟ್ಟ ಇನ್ನೊಂದು ಪ್ರಶ್ನೆಯು ಅಡಗಿಕೊಂಡದೆ. ಅದೇನಂದರೆ: ಯಾವ ತಡವನ್ನು ನಾವು ತಾಳ್ಮೆಯಿಂದ ಸಹಿಸತಕ್ಕದ್ದು? ಯಾವ ತಡವನ್ನು ಸಹಿಸತಕ್ಕದ್ದಲ್ಲ? ಇವೆರಡನ್ನೂ ಬೇರೆಬೇರೆಯಾಗಿ ತಿಳಿಯದವನು ಒಂದು ದಿನ ವ್ಯರ್ಥವಾಗಿ ಸಿಟ್ಟುಗೊಳ್ಳುವನು, ಮತ್ತೊಂದು ದಿನ ಸಿಟ್ಟುಗೊಳ್ಳಬೇಕಾದಲ್ಲಿ ಸುಮ್ಮನೆ ಕೂತಿರುವನು. ಆದಕಾರಣ ಈ ಸಂಗತಿಯನ್ನು ಬುಡದಿಂದ ವಿಚಾರಿಸೋಣ.

ಮೊದಲು ನೆಲದ ಗುಣವನ್ನು ತಿಳಿಯಬೇಕು. ಬೀದರ ಪಟ್ಟಣವು ಕೆಂಪು ಜಂಬಿಟ್ಟಿಗೆ ಕಲ್ಲಿನ ಎತ್ತರವಾದ ಬಯಲಿನ ಮೇಲೆ ನೆಲೆಗೊಂಡದೆ. ಆ ಕಲ್ಲು ಮಳೆಯ ನೀರನ್ನು ಕೆಳಕ್ಕೆ ಬಿಡುವದು. ಅದರ ಮೊರಮು ರಸ್ತೆಗೆ ಒಳ್ಳೇ ತಳಪಾಯ. ಆದರೆ ಭಾಲ್ಕಿಯ ಕಡೆಗೂ ಔರಾದಿನ ಕಡೆಗೂ ಮಾಂಜ್ರಾ ನದಿಯ ಸುತ್ತಣ ಸೀಮೆಗೂ ಇಳಿದರೆ ಎರೆಭೂಮಿಯೇ ಹೆಚ್ಚು. ಎರೆಮಣ್ಣು ಜೋಳಕ್ಕೂ ಕಡಲೆಗೂ ಹೆತ್ತ ತಾಯಿಯಂತಿದ್ದರೂ ರಸ್ತೆಗೆ ಮಲತಾಯಿಯೇ ಸರಿ. ಮಳೆ ಬಿದ್ದಾಗ ಅದು ನೀರು ಕುಡಿದು ಉಬ್ಬುವದು. ಬೇಸಿಗೆಯಲ್ಲಿ ಒಣಗಿ, ಕುಗ್ಗಿ, ಕೈ ತೂರುವಷ್ಟು ಬಿರುಕು ಬಿಡುವದು. ವರುಷ ವರುಷವೂ ಹೀಗೆ ಏರಿ ಇಳಿಯುವ ನೆಲದ ಮೇಲೆ ಹಾಕಿದ ಡಾಂಬರಿನ ಹೊದಿಕೆಯು ಒಡೆಯದೆ ಇರುವದಾದರೂ ಹೇಗೆ? ಇಂಥ ನೆಲದಲ್ಲಿ ಮೇಲಿನ ತಗ್ಗನ್ನು ಮುಚ್ಚಿದರೆ ಸಾಲದು. ಮಣ್ಣಿಗೆ ಸುಣ್ಣ ಬೆರಸಿ ಗಟ್ಟಿ ಮಾಡಬೇಕು, ಇಲ್ಲವೆ ಮೊರಮಿನ ದಪ್ಪ ಪದರವನ್ನು ಹಾಸಬೇಕು. ಎರಡೂ ಮಗ್ಗುಲುಗಳಲ್ಲಿ ನೀರು ಹರಿದುಹೋಗುವ ಚರಂಡಿಗಳನ್ನು ತೋಡಬೇಕು. ತಗ್ಗು ನಮಗೆ ಕಾಣುವದು ಮೇಲೆ, ಅದರ ಕಾರಣವಿರುವದು ಕೆಳಗೆ.

ಈ ಮಾತನ್ನು ಚೆನ್ನಾಗಿ ಕಂಡುಕೊಂಡವನು ಸ್ಕಾಟ್ಲೆಂಡ್ ದೇಶದ ಜಾನ್ ಲೌಡನ್ ಮೆಕ್‌ಆಡಮ್ (1756–1836) ಎಂಬವನು. ನೆಲವನ್ನು ಒಣಗಿದ್ದಾಗಿ ಇಟ್ಟರೆ ಆ ನೆಲವೇ ಎಂಥ ಭಾರವನ್ನಾದರೂ ಹೊರುವದೆಂದೂ, ರಸ್ತೆಯ ಖಡಿಯು ನೀರನ್ನು ಒಳಗೆ ಬಿಡದ ಮಾಡಿನಂತೆ ಇರಬೇಕೆಂದೂ ಅವನು ಬೋಧಿಸಿದನು. ಸಣ್ಣದಾಗಿ ಒಡೆದ ಖಡಿಯನ್ನು ಪದರ ಪದರವಾಗಿ ಹಾಸುವ ಅವನ ಕ್ರಮವು ಹತ್ತೊಂಬತ್ತನೇ ಶತಮಾನದಲ್ಲಿ ಲೋಕವೆಲ್ಲಾ ಹಬ್ಬಿ ನಮ್ಮ ದೇಶಕ್ಕೂ ಬಂತು. ಆಗ ಖಡಿಯನ್ನು ಒಡೆಯುವದು ಸುತ್ತಿಗೆಯಿಂದ, ಹೊರುವದು ಬುಟ್ಟಿಯಲ್ಲಿ, ಗಟ್ಟಿ ಮಾಡುವದು ದಮ್ಮಸಿನಿಂದಲೂ ಎತ್ತುಗಳು ಎಳೆಯುವ ಕಲ್ಲುಗುಂಡಿನಿಂದಲೂ ಆಗಿತ್ತು. ಅಮೇರಿಕದಲ್ಲಿ 1858ರಲ್ಲಿ ಕಲ್ಲೊಡೆಯುವ ಯಂತ್ರಕ್ಕೆ ಹಕ್ಕುಪತ್ರ ದೊರೆಯಿತು. ಮುಂದಿನ ಹತ್ತು ವರುಷಗಳೊಳಗೆ ಫ್ರಾನ್ಸಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಉಗಿಯ ರೋಲರುಗಳು ರಸ್ತೆಗಿಳಿದವು. 1902ರಲ್ಲಿ ಇಂಗ್ಲೆಂಡಿನ ಹೂಲಿ ಎಂಬವನು ಖಡಿಗೆ ಬಿಸಿ ಟಾರನ್ನು ಬೆರಸಿ ಹಾಸುವ ಕ್ರಮಕ್ಕೆ ಹಕ್ಕುಪತ್ರ ಪಡೆದನು. ಹೀಗೆ ಒಂದೊಂದು ಕೆಲಸವನ್ನು ಯಂತ್ರವು ಮನುಷ್ಯನ ಕೈಯಿಂದ ತನ್ನ ಕೈಗೆ ತೆಗೆದುಕೊಂಡಿತು.

ಹಾಗಾದರೆ ಈಗ ಯಂತ್ರಗಳಿಂದ ದುರಸ್ತಿಗೆ ಎಷ್ಟು ಹೊತ್ತು ಬೇಕು? ಒಂದು ತಗ್ಗನ್ನು ಕೈಯಿಂದ ಸರಿಯಾಗಿ ಮುಚ್ಚುವವರು ಅದರ ಅಂಚನ್ನು ಚೌಕವಾಗಿ ಕಡಿದು, ನೀರನ್ನೂ ಧೂಳನ್ನೂ ತೆಗೆದು, ಡಾಂಬರಿನ ತೆಳುವಾದ ಲೇಪ ಹಚ್ಚಿ, ಬಿಸಿ ಮಿಶ್ರಣವನ್ನು ತುಂಬಿ ಬಡಿಯುವರು. ಬೆಂಗಳೂರಿನಂಥ ನಗರದಲ್ಲಿ ಉಪಯೋಗಿಸಲ್ಪಟ್ಟ ತಗ್ಗು ಮುಚ್ಚುವ ಯಂತ್ರವು ಗಾಳಿಯ ಒತ್ತಡದಿಂದ ತಗ್ಗನ್ನು ಊದಿ ಶುಚಿಮಾಡಿ, ಡಾಂಬರಿನ ದ್ರವವನ್ನು ಸಿಂಪಡಿಸಿ, ಖಡಿಯನ್ನು ಅದರಲ್ಲಿ ಬೆರಸಿ ತುಂಬುವದು. ಇದೆಲ್ಲಾ ಕೆಲವೇ ನಿಮಿಷಗಳ ಕೆಲಸ. ಇಡೀ ರಸ್ತೆಗೆ ಹೊಸ ಹೊದಿಕೆ ಹಾಕಬೇಕಾದರೆ ಒಂದು ಯಂತ್ರವು ಹಳೇ ಪದರವನ್ನು ಕೆರೆದು ತೆಗೆಯುವದು, ಪೇವರ್ ಎಂಬ ಯಂತ್ರವು ಹೊಸ ಮಿಶ್ರಣವನ್ನು ಸಮನಾಗಿ ಹಾಸುತ್ತಾ ಹೋಗುವದು, ಅದರ ಬೆನ್ನಿಗೆ ರೋಲರುಗಳು ಬರುವವು. 3.75 ಮೀಟರ್ ಅಗಲದ ಒಂಟಿ ರಸ್ತೆಯ ಮೇಲೆ 30 ಮಿಲಿಮೀಟರ್ ದಪ್ಪದ ಪದರವನ್ನು ಒಂದು ಕಿಲೊಮೀಟರ್ ಹಾಸುವದಕ್ಕೆ ಸುಮಾರು 260 ಟನ್ ಮಿಶ್ರಣ ಬೇಕಾಗುವದು. ಗಂಟೆಗೆ ನೂರು ಟನ್ ಬೇಯಿಸಿ ಕೊಡುವ ಕಾರ್ಖಾನೆಯು ಇದನ್ನು ಮೂರು ಗಂಟೆಗಳೊಳಗೆ ಕೊಡುವದು. ನಿಮಿಷಕ್ಕೆ ನಾಲ್ಕು ಮೀಟರ್ ನಡೆಯುವ ಪೇವರ್ ನಾಲ್ಕು ಗಂಟೆಗಳ ಮೇಲೆ ಸ್ವಲ್ಪ ಹೊತ್ತಿನಲ್ಲಿ ಹಾಸಿ ಮುಗಿಸುವದು. ಅಂದರೆ ಎಲ್ಲಾ ಸಿದ್ಧವಾಗಿದ್ದರೆ ಒಂದು ಕಿಲೊಮೀಟರಿಗೆ ಒಂದು ದಿನ ಸಾಕು.

ಇದಕ್ಕಿಂತಲೂ ಆಶ್ಚರ್ಯವಾದ ಸಂಗತಿಗಳು ನಮ್ಮ ಸಮೀಪದಲ್ಲಿಯೇ ನಡೆದವೆ. 2021ರ ಫೆಬ್ರವರಿಯಲ್ಲಿ ಸೊಲ್ಲಾಪುರ–ವಿಜಯಪುರ ಹೆದ್ದಾರಿಯನ್ನು ನಾಲ್ಕು ಪಥಗಳಾಗಿ ಅಗಲಿಸುವ ಕೆಲಸದಲ್ಲಿ 25.54 ಕಿಲೊಮೀಟರ್ ಉದ್ದದ ಒಂದು ಪಥವು 18 ಗಂಟೆಗಳಲ್ಲಿ ಹಾಸಲ್ಪಟ್ಟಿತು. 2022ರ ಜೂನ್ 3ರಿಂದ 7ರ ವರೆಗೆ ಮಹಾರಾಷ್ಟ್ರದ ಅಮರಾವತಿ–ಅಕೋಲಾ ಹೆದ್ದಾರಿಯಲ್ಲಿ 75 ಕಿಲೊಮೀಟರ್ ಉದ್ದದ ಒಂದು ಪಥವು 105 ಗಂಟೆ 33 ನಿಮಿಷಗಳಲ್ಲಿ ಎಡೆಬಿಡದೆ ಹಾಸಲ್ಪಟ್ಟು ಗಿನ್ನೆಸ್ ದಾಖಲೆಯಲ್ಲಿ ಸೇರಿತು. ಲೆಕ್ಕ ಹಾಕಿ ನೋಡಿರಿ: ಸೊಲ್ಲಾಪುರದ ದಾರಿಯಲ್ಲಿ ನಡೆದ ವೇಗದಲ್ಲಿಯೇ ನಡೆದರೆ ಬೀದರದಿಂದ ಭಾಲ್ಕಿಯ ವರೆಗಿನ ಸುಮಾರು 40 ಕಿಲೊಮೀಟರ್ ದಾರಿಯ ಒಂದು ಪಥಕ್ಕೆ 28 ಗಂಟೆಗಳ ಹೊತ್ತು ಸಾಕು. ಈ ಹೊತ್ತು ಮುಂಜಾನೆ ಆರಂಭಿಸಿದರೆ ನಾಳೆ ಮಧ್ಯಾಹ್ನದೊಳಗೆ ಮುಗಿದೀತು!

ಇದನ್ನು ಕೇಳಿದವರು, "ಹಾಗಾದರೆ ನಮ್ಮ ತಗ್ಗು ಮುಚ್ಚುವದಕ್ಕೆ ಎರಡು ವರುಷ ಯಾಕೆ?" ಎಂದು ಕೇಳುವದು ನ್ಯಾಯವೇ. ಆದರೆ ಉತ್ತರ ಕೊಡುವ ಮೊದಲು ಒಂದು ವಿಷಯವನ್ನು ಗಮನಿಸಬೇಕು. ಆ 18 ಗಂಟೆಗಳು ಮೇಲಿನ ಪದರವನ್ನು ಹಾಸಿದ ಗಂಟೆಗಳು ಮಾತ್ರ. ಅದಕ್ಕಿಂತ ಮುಂಚೆ ಕಲ್ಲುಗಣಿ ತೋಡಲ್ಪಟ್ಟಿತ್ತು, ಕೆಳಗಿನ ಪದರಗಳು ಹಾಕಲ್ಪಟ್ಟು ಗಟ್ಟಿಯಾಗಿದ್ದವು, ಖಡಿಯೂ ಡಾಂಬರೂ ರಾಶಿಬಿದ್ದಿದ್ದವು, ಸುಮಾರು ಐನೂರು ಮಂದಿ ಕೆಲಸಗಾರರು ತಮ್ಮ ತಮ್ಮ ಸ್ಥಳದಲ್ಲಿ ನಿಂತಿದ್ದರು. ಮದುವೆಯ ಊಟವು ಅರ್ಧ ತಾಸಿನಲ್ಲಿ ಮುಗಿಯುವದು. ಅದರ ಅಡಿಗೆಗೆ ಎಷ್ಟು ದಿನದ ಸಿದ್ಧತೆ ಎಂಬದನ್ನು ಉಂಡೆದ್ದವನು ಬಲ್ಲನೇ?

ಹೀಗಿರಲಾಗಿ ದುರಸ್ತಿಯ ಕಾಲವನ್ನು ನಾವು ನಾಲ್ಕು ಪಾಲಾಗಿ ವಿಂಗಡಿಸಬಹುದು.

ಮೊದಲನೆಯದು, ಕಾಣುವ ಕಾಲ. ತಗ್ಗು ಬಿದ್ದ ದಿನದಿಂದ ಅದು ಅಧಿಕಾರಸ್ಥರ ಕಣ್ಣಿಗೆ ಬೀಳುವ ದಿನದ ವರೆಗೆ ಹೋಗುವ ಕಾಲವಿದು.

ಎರಡನೆಯದು, ಕಾಗದದ ಕಾಲ. ಅಂದಾಜುಪಟ್ಟಿ, ಹಣದ ಮಂಜೂರಿ, ಟೆಂಡರು, ಕರಾರು ಇವುಗಳ ಕಾಲವಿದು. ಸರಕಾರದ ಹಣವನ್ನು ಖರ್ಚು ಮಾಡುವವರು ಎಲ್ಲರಿಗೂ ತಿಳಿಯುವಂತೆ ಟೆಂಡರು ಕರೆದು, ಅದಕ್ಕೆ ತಕ್ಕ ದಿನಗಳ ಅವಕಾಶ ಕೊಡಬೇಕೆಂದು ನಮ್ಮ ರಾಜ್ಯದಲ್ಲಿ 1999ರ ಪಾರದರ್ಶಕತೆಯ ಕಾಯಿದೆಯು ವಿಧಿಸುವದು. ಕಳ್ಳತನಕ್ಕೆ ಬಾಗಿಲು ಮುಚ್ಚುವದಕ್ಕೋಸ್ಕರ ಈ ದಿನಗಳು ಬೇಕು. ಇವುಗಳನ್ನು ಶುದ್ಧ ವ್ಯರ್ಥವೆನ್ನಕೂಡದು.

ಮೂರನೆಯದು, ಯಂತ್ರದ ಕಾಲ. ಇದನ್ನು ಆಗಲೇ ಹೇಳಿದೆವು. ನಿಮಿಷಗಳು, ಗಂಟೆಗಳು, ಹೆಚ್ಚಂದರೆ ದಿನಗಳು.

ನಾಲ್ಕನೆಯದು, ವಸ್ತುವಿನ ಕಾಲ. ಬಿಸಿ ಮಿಶ್ರಣವನ್ನು ಸುಮಾರು 150 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಬೇಯಿಸಿ ತರುವರು. ಅದು ಆರಿಹೋಗುವದಕ್ಕಿಂತ ಮುಂಚೆ ರೋಲರಿನ ಕೆಲಸ ತೀರಬೇಕು, ಆರಿದ ಮೇಲೆ ಎಷ್ಟು ಉರುಳಿಸಿದರೂ ಪ್ರಯೋಜನವಿಲ್ಲ. ಖಡಿಯ ಮೇಲೆ ಹೊಡೆದ ಮೊದಲನೇ ಲೇಪವು ಇಂಗುವದಕ್ಕೆ ಸುಮಾರು ಒಂದು ದಿನ ಬೇಕು. ಒದ್ದೆ ನೆಲದ ಮೇಲೆ ಡಾಂಬರು ಹಿಡಿಯದಾದದರಿಂದ ಜೂನಿನಿಂದ ಸೆಪ್ಟೆಂಬರಿನ ವರೆಗೆ ಮಳೆಯು ಬಿಡುವು ಕೊಟ್ಟರೆ ಮಾತ್ರ ಕೆಲಸ. ಕಾಂಕ್ರೀಟ್ ರಸ್ತೆಯನ್ನಾದರೋ ದಿನಗಟ್ಟಲೆ ನೀರುಣಿಸಿ ಒದ್ದೆಯಾಗಿ ಇಡಬೇಕು. ಅದರ ಬಲವನ್ನು 28 ದಿನಗಳ ಲೆಕ್ಕದಿಂದ ಅಳೆಯುವರು. ಯಾವ ಮಂತ್ರಿಯ ಅಪ್ಪಣೆಯೂ ಯಾವ ಯಂತ್ರದ ಬಲವೂ ಸಿಮೆಂಟನ್ನು ಅವಸರಪಡಿಸಲಾರದು. ಬಸುರಿಯನ್ನು ಅವಸರಪಡಿಸಿದರೆ ಕೂಸು ಬೇಗ ಬಲಿಯುವದೋ?

ಈಗ ವಾಚಕರು ತಾವೇ ನೋಡಬಹುದು. ಯಂತ್ರವು ನಾಲ್ಕು ಪಾಲುಗಳಲ್ಲಿ ಒಂದನ್ನು ಮಾತ್ರ ಚಿಕ್ಕದು ಮಾಡಿತು. ನಾಲ್ಕನೆಯ ಪಾಲು ಸೃಷ್ಟಿಯ ನಿಯಮಕ್ಕೆ ಸೇರಿದ್ದು. ಅದನ್ನು ಕಡಿಮೆಮಾಡಬೇಕೆಂದು ಹಟ ಹಿಡಿಯುವದು ಮೂರ್ಖತನ. ಹಬ್ಬವು ಬಂತು, ಚುನಾವಣೆಯು ಬಂತು ಎಂದು ನೀರು ನಿಂತ ತಗ್ಗಿನಲ್ಲಿಯೇ ಬಿಸಿ ಮಿಶ್ರಣ ಸುರಿಸಿದರೆ ಅದು ಮುಂದಿನ ಮಳೆಗೆ ಎದ್ದುಹೋಗುವದು. ಹೊಸ ಕಾಂಕ್ರೀಟಿಗೆ ಅಡ್ಡವಾಗಿ ಇಟ್ಟ ಮುಳ್ಳುಕಂಟಿಯನ್ನು ಸರಿಸಿ, ಮೂರನೇ ದಿನವೇ ಅದರ ಮೇಲೆ ಟ್ರ್ಯಾಕ್ಟರು ಓಡಿಸುವವನು ತಾನು ನಾಲ್ಕು ಹೆಜ್ಜೆ ಉಳಿಸಿದೆನೆಂದು ನೆನಸುವನು; ಆದರೆ ಊರಿನ ಇಪ್ಪತ್ತು ವರುಷದ ದಾರಿಯನ್ನು ಕೆಡಿಸುವನು. ಇಲ್ಲಿ ತಾಳ್ಮೆಯು ಸದ್ಗುಣ. ಇಲ್ಲಿ ಅವಸರವು ನೆರೆಯವನಿಗೆ ಮಾಡುವ ಅನ್ಯಾಯ.

ಮೊದಲಿನ ಎರಡು ಪಾಲುಗಳ ವಿಷಯವು ಹಾಗಲ್ಲ. ಕಾಗದದ ಕಾಲದಲ್ಲಿ ಕಾಯಿದೆಗೆ ಬೇಕಾದ ದಿನಗಳನ್ನು ಬಿಟ್ಟು ಉಳಿದದ್ದೆಲ್ಲಾ ಮೇಜಿನ ಮೇಲೆ ಮಲಗಿದ ಕಾಲ. ಕಾಣುವ ಕಾಲದಲ್ಲಿ ಹೆಚ್ಚಿನದೆಲ್ಲಾ ನೋಡದೆ ಇದ್ದ ಕಾಲ. ಸೃಷ್ಟಿಯಾಗಲಿ ನ್ಯಾಯವಾಗಲಿ ಇಂಥ ತಡವನ್ನು ಕೇಳಲಿಲ್ಲ. ಇದು ಮನುಷ್ಯರ ಉದಾಸೀನದಿಂದ ಹುಟ್ಟಿದ್ದು. ಇದಕ್ಕೂ "ತಾಳಿದವನು ಬಾಳಿಯಾನು" ಎಂಬ ಗಾದೆಯನ್ನು ಹೇಳಿ ಸುಮ್ಮನಿರುವವರು ಉಂಟು. ಆ ಗಾದೆಯು ಸತ್ಯವೇ. ಆದರೆ ಅದು ತನ್ನ ಸ್ವಂತ ಕಷ್ಟವನ್ನು ತಾಳುವವನಿಗೆ ಹೇಳಿದ ಮಾತು. ಮತ್ತೊಬ್ಬನ ಕಷ್ಟವನ್ನು ನೋಡಿ ತಾಳಿಕೊಳ್ಳುವದಕ್ಕೆ ತಾಳ್ಮೆ ಎಂಬ ಹೆಸರು ಸಲ್ಲದು.

ರಸ್ತೆಯ ತಗ್ಗು ಎಲ್ಲರಿಗೂ ಒಂದೇ ಆಳವಲ್ಲ ಎಂಬದನ್ನು ಮರೆಯಬಾರದು. ದೊಡ್ಡ ಮೋಟಾರಿನಲ್ಲಿ ಕೂತವನಿಗೆ ಅದು ಒಂದು ಕುಲುಕಾಟ. ರಾತ್ರಿ ಗಂಡನ ಮೋಟಾರು ಸೈಕಲಿನ ಹಿಂದೆ ಕೂಸನ್ನು ಅವುಚಿಕೊಂಡು ಕೂತವಳಿಗೆ ಅದು ಜೀವದ ಗಂಡಾಂತರ. ಔರಾದಿನ ಕಡೆಯ ಹಳ್ಳಿಯಿಂದ ಹೆರಿಗೆ ನೋವಿನಲ್ಲಿ ಆಟೋದಲ್ಲಿ ಹೊರಟ ಹೆಂಗಸಿಗೆ ಅರ್ಧ ತಾಸಿನ ತಡವು ಅರ್ಧ ತಾಸಲ್ಲ. 2022ನೇ ವರುಷವೊಂದರಲ್ಲಿಯೇ ನಮ್ಮ ದೇಶದಲ್ಲಿ ರಸ್ತೆಯ ತಗ್ಗುಗಳಿಂದಾದ ಅಪಘಾತಗಳಲ್ಲಿ 1,856 ಮಂದಿ ಸತ್ತರೆಂದು ಭಾರತ ಸರಕಾರದ ಸಾರಿಗೆ ಇಲಾಖೆಯ ವರದಿಯೇ ಹೇಳುವದು. ಕೆಲವು ನಿಮಿಷಗಳಲ್ಲಿ ಮುಚ್ಚಬಹುದಾದ ತಗ್ಗುಗಳಲ್ಲಿ ಇಷ್ಟು ಮಂದಿಯ ಬಾಳು ಮುಗಿಯಿತು. ಇದನ್ನು ಕೇಳಿದ ಮೇಲೆಯೂ ತಡವು ಬರೀ ಅನಾನುಕೂಲವೆಂದು ಹೇಳುವವರಾರು?

ಇಲ್ಲಿ ಕೆಲವರು ಒಂದು ಆಕ್ಷೇಪಣೆಯನ್ನು ತರುವರು. "ಯಂತ್ರಗಳು ಬಂದು ಬಡವರ ಕೂಲಿಯನ್ನು ಕಸಕೊಂಡವು, ನೂರು ಮಂದಿಯ ರೊಟ್ಟಿಯನ್ನು ಒಂದು ಯಂತ್ರವು ತಿನ್ನುವದು, ತಡವಾದರೂ ಕೈಕೆಲಸವೇ ಮೇಲು" ಎನ್ನುವರು. ಈ ಮಾತನ್ನು ಹಗುರವಾಗಿ ತಳ್ಳಿಬಿಡಕೂಡದು. 2005ರ ಗ್ರಾಮೀಣ ಉದ್ಯೋಗ ಖಾತರಿಯ ಕಾಯಿದೆಯಲ್ಲಿಯೂ ಕೂಲಿಕಾರರ ಕೆಲಸವನ್ನು ಕಸಿಯುವ ಯಂತ್ರಗಳನ್ನು ಆದಷ್ಟು ಮಟ್ಟಿಗೆ ಉಪಯೋಗಿಸಬಾರದೆಂದು ವಿಧಿಸಲ್ಪಟ್ಟಿತ್ತು. ಆದರೂ ಉರಿಬಿಸಿಲಿನಲ್ಲಿ ಕುದಿಯುವ ಡಾಂಬರಿನ ಪೀಪಾಯಿಯ ಮುಂದೆ ಹೊಗೆ ನುಂಗುತ್ತಾ, ಕಾಲಿಗೆ ಗೋಣಿ ಸುತ್ತಿಕೊಂಡು ದುಡಿದವರ ಕಷ್ಟವನ್ನು ಬಲ್ಲವರು ಆ ಕೆಲಸವು ಮನುಷ್ಯರಿಗೇ ಉಳಿಯಲಿ ಎಂದು ಹಾರೈಸಲಾರರು. ಅಂಥ ಭಾರವನ್ನು ಯಂತ್ರವು ಹೊತ್ತರೆ ಅದು ಒಳ್ಳೇದೇ.

ನಷ್ಟವಾದದ್ದು ಬೇರೊಂದು ಕಡೆಯಲ್ಲಿ. ಮುಂಚೆ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆಯ ಇಂತಿಷ್ಟು ಮೈಲಿಗೆ ಇಂಥವರೆಂದು ಗ್ಯಾಂಗಿನ ಆಳುಗಳು ನೇಮಕವಾಗಿರುತ್ತಿದ್ದರು. ಸಲಿಕೆ, ಬುಟ್ಟಿ, ದಮ್ಮಸು ಹಿಡಿದು ಅವರು ತಮ್ಮ ಪಾಲಿನ ರಸ್ತೆಯನ್ನು ದಿನಾಲು ನಡೆದು ನೋಡುವರು. ಬೊಗಸೆಯಷ್ಟು ತಗ್ಗು ಬಿದ್ದರೆ ಆ ಹೊತ್ತೇ ಮೊರಮು ತುಂಬುವರು. ಚರಂಡಿಯಲ್ಲಿ ಕಸ ಕಟ್ಟಿದರೆ ಬಿಡಿಸುವರು. ಅವರ ಕೈ ನಿಧಾನವಾಗಿತ್ತು, ಆದರೆ ಕಣ್ಣು ರಸ್ತೆಯ ಮೇಲೆಯೇ ಇತ್ತು. ಈಗ ಅಂಥವರು ಕಾಣುವದು ಅಪರೂಪ. ಅವರ ಕೈಗೆ ಬದಲಾಗಿ ಯಂತ್ರವು ಬಂತು. ಅವರ ಕಣ್ಣಿಗೆ ಬದಲಾಗಿ ಏನು ಬಂತು? ಯಂತ್ರವು ಕರೆದಲ್ಲಿಗೆ ಬರುವದೇ ಹೊರತು ತಾನಾಗಿ ನೋಡಲಾರದು. ಆದದರಿಂದಲೇ ಬೊಗಸೆಯಷ್ಟು ತಗ್ಗು ಬುಟ್ಟಿಯಷ್ಟಾಗಿ, ಬುಟ್ಟಿಯಷ್ಟು ತಗ್ಗು ಬಂಡಿಯಷ್ಟಾಗುವ ವರೆಗೆ ಯಾರೂ ಕರೆಯುವದಿಲ್ಲ. ಕರೆದಾಗ ಯಂತ್ರದ ಕೆಲಸವು ನಿಮಿಷಗಳಿಂದ ತಿಂಗಳುಗಳಿಗೆ ಬೆಳೆದಿರುವದು.

ಹಾಗಾದರೆ ಈ ಕಣ್ಣು ಯಾರದಾಗಬೇಕು? ಸರಕಾರದ್ದು ಆಗಬೇಕೆಂಬದು ನಿಜ. ಅದಕ್ಕಾಗಿಯೇ ಸಂಬಳ ಕೊಡಲಾಗುವದು. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಮಾಡಿದ ಗುತ್ತಿಗೆದಾರನೇ ಐದು ವರುಷ ಅದನ್ನು ಕಾಪಾಡಬೇಕೆಂಬ ಕರಾರು ಇಡಲ್ಪಟ್ಟಿತು. ಅಂಥ ರಸ್ತೆಯ ಬದಿಯಲ್ಲಿ ಗುತ್ತಿಗೆಯ ವಿವರವುಳ್ಳ ಫಲಕವನ್ನು ನಿಲ್ಲಿಸುವರು. ಆ ಫಲಕಕ್ಕೆ ಎಮ್ಮೆ ಕಟ್ಟುವದನ್ನು ಬಿಟ್ಟು ಅದನ್ನು ಓದಿದ ಊರಿಗೆ ತನ್ನ ರಸ್ತೆಯನ್ನು ಐದು ವರುಷ ಯಾರು ಸರಿಯಾಗಿಡಬೇಕೆಂಬದು ತಿಳಿಯುವದು. ತಗ್ಗು ಚಿಕ್ಕದಿರುವಾಗಲೇ ಗ್ರಾಮ ಪಂಚಾಯಿತಿಗೆ ಒಂದು ಅರ್ಜಿಯನ್ನು, ತಾರೀಖು ಹಾಕಿ, ನಾಲ್ಕು ಮನೆಗಳವರು ಸಹಿಮಾಡಿ ಕೊಟ್ಟರೆ ಕಾಣುವ ಕಾಲವು ಆ ದಿನವೇ ಮುಗಿಯುವದು. ಆ ಮೇಲೆ ಅದು ಕಾಣಲಿಲ್ಲವೆಂದು ಯಾರೂ ಹೇಳಲಾರರು.

ಇನ್ನೊಂದು ಮಾತನ್ನು ನಮ್ಮ ಗ್ರಾಮದ ವಾಚಕರಿಗೆ ಪ್ರೀತಿಯಿಂದ ಹೇಳಬೇಕಾಗಿದೆ. ರಸ್ತೆಯು ಬೇಗ ಕೆಡುವದರಲ್ಲಿ ನಮ್ಮವರ ಪಾಲೂ ಉಂಟು. ಅಮೇರಿಕದ ಇಲಿನಾಯ್ ಸೀಮೆಯಲ್ಲಿ 1958ರಿಂದ 1960ರ ವರೆಗೆ ಲಾರಿಗಳನ್ನು ಎಡೆಬಿಡದೆ ಓಡಿಸಿ ರಸ್ತೆಗಳನ್ನು ಪರೀಕ್ಷಿಸಿದರು. ಒಂದು ಅಚ್ಚಿನ ಮೇಲೆ ಬೀಳುವ ಭಾರವು ಎರಡರಷ್ಟಾದರೆ ರಸ್ತೆಗೆ ತಗಲುವ ಪೆಟ್ಟು ಎರಡರಷ್ಟಲ್ಲ, ಸುಮಾರು ಹದಿನಾರರಷ್ಟು ಆಗುವದೆಂದು ಅದರಿಂದ ತಿಳಿದುಬಂತು. ಕಬ್ಬಿನ ಸುಗ್ಗಿಯಲ್ಲಿ ಎರಡು ಖೇಪಿನ ಭಾರವನ್ನು ಒಂದೇ ಖೇಪಿನಲ್ಲಿ ಹೇರಿ ಕಾರ್ಖಾನೆಗೆ ಸಾಗಿಸುವವನು ಬಾಡಿಗೆಯನ್ನು ಉಳಿಸಿದನು ಸರಿ. ಆದರೆ ಅವನ ಒಂದು ಖೇಪು ರಸ್ತೆಗೆ ಹದಿನಾರು ಖೇಪುಗಳಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹಾಗೆಯೇ ಮನೆಯ ಮುಂದಿನ ಚರಂಡಿಗೆ ಮಣ್ಣು ತುಂಬಿ ಕಟ್ಟೆ ಕಟ್ಟುವವನೂ, ಹೊಲದ ಹೆಚ್ಚಿನ ನೀರನ್ನು ರಸ್ತೆಗೆ ಬಿಡುವವನೂ, ನಳದ ಕೊಳವೆಗಾಗಿ ರಸ್ತೆಯನ್ನು ಅಡ್ಡಲಾಗಿ ಅಗೆದು ಬರೀ ಮಣ್ಣು ಎಳೆದು ಹೋಗುವವನೂ ತಗ್ಗಿನ ಬೀಜವನ್ನು ಬಿತ್ತುವವರೇ. ಅವರೇ ಮುಂದಿನ ವರುಷ ಚಹದ ಅಂಗಡಿಯಲ್ಲಿ ಕೂತು ಸರಕಾರವನ್ನು ಬೈಯುವರು. ಬೈಯುವ ಹಕ್ಕು ಇದೆ. ಆದರೆ ಅದನ್ನು ಉಪಯೋಗಿಸುವವನ ಕೈ ಮೊದಲು ಶುಚಿಯಾಗಿರಲಿ.

ಹಾಗೆ ಹೇಳಿದ ಮಾತ್ರಕ್ಕೆ ಅಧಿಕಾರಸ್ಥರ ಭಾರವು ಕಡಿಮೆಯಾಗಲಿಲ್ಲ. ಒಕ್ಕಲಿಗನ ತಪ್ಪು ಚರಂಡಿಯಷ್ಟಾದರೆ, ಮಂಜೂರಾದ ಹಣವನ್ನು ಮಲಗಿಸಿದವನ ತಪ್ಪು ಕೆರೆಯಷ್ಟು. ಯಾಕಂದರೆ ಒಬ್ಬನಿಗೆ ಎಷ್ಟು ಸಾಧ್ಯವೋ ಅಷ್ಟೇ ಅವನ ಹೊಣೆ. ಸುತ್ತಿಗೆ ಬುಟ್ಟಿಗಳ ಕಾಲದಲ್ಲಿ ಆರು ತಿಂಗಳ ತಡಕ್ಕೆ ಕ್ಷಮೆ ಇತ್ತು. ಆಗ ಕೆಲಸವೇ ಅಷ್ಟು ನಿಧಾನ. ದಿನಕ್ಕೊಂದು ಕಿಲೊಮೀಟರ್ ಹಾಸುವ ಯಂತ್ರವು ಕೈಯಲ್ಲಿರುವವನಿಗೆ ಆ ಕ್ಷಮೆ ಇಲ್ಲ. ಹೀಗೆ ಯಂತ್ರವು ಕೈಯ ಕೆಲಸವನ್ನು ಹಗುರ ಮಾಡಿ ಮನಸ್ಸಾಕ್ಷಿಯ ಕೆಲಸವನ್ನು ಭಾರ ಮಾಡಿತು.

ಆದಕಾರಣ, ಪ್ರಿಯರೇ, ರಸ್ತೆಯ ದುರಸ್ತಿಗೆ ಎಷ್ಟು ಕಾಲ ಹಿಡಿಯುವದೆಂದು ಯಾರಾದರೂ ಕೇಳಿದರೆ ಹೀಗೆ ಉತ್ತರ ಕೊಡಿರಿ: ಯಂತ್ರಕ್ಕೆ ಒಂದು ದಿನ, ಸಿಮೆಂಟಿಗೆ 28 ದಿನ, ಮಳೆಗೆ ನಾಲ್ಕು ತಿಂಗಳು. ಇಷ್ಟನ್ನು ಗೊಣಗದೆ ಸಹಿಸೋಣ. ಇದಕ್ಕೆ ಮೇಲ್ಪಟ್ಟ ಪ್ರತಿಯೊಂದು ದಿನಕ್ಕೂ ಒಬ್ಬ ಉತ್ತರವಾದಿ ಇದ್ದಾನೆ; ಅವನು ಯಾರೆಂದು ವಿನಯದಿಂದಲೂ ಬಿಡದೆಯೂ ಕೇಳೋಣ. ಚಿದ್ರಿಯಾಗಲಿ, ಭಾಲ್ಕಿಯಾಗಲಿ, ಔರಾದಾಗಲಿ, ಊರಿನ ದಾರಿಯಲ್ಲಿ ಈ ಹೊತ್ತು ಬೊಗಸೆಯಷ್ಟು ತಗ್ಗು ಎಲ್ಲಿ ಬಿದ್ದದೆ ಎಂದು ಪ್ರತಿಯೊಬ್ಬನೂ ನಾಳೆ ಹೊರಡುವಾಗ ನೋಡಲಿ. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವೇನು? ಅರ್ಜಿಯನ್ನು ಈ ವಾರವೇ ಬರೆಯಿರಿ; ಚರಂಡಿಯ ಕಸವನ್ನು ನಾಳೆಯೇ ತೆಗೆಯಿರಿ.